ಮನ್ನೂಬಿಯಾಳ ಬೋಕಿ ಗಿರಣಿ

ಮಣ್ಣಿಗೆ ಮಣ್ಣನ್ನೇ ಉಣಿಸಬೇಕು. ಒಡೆದ ಹಳೆಯ ಮಡಕೆಯ ಚೂರು, ಅಂದರೆ ಬೋಕಿ ಕುಟ್ಟಿ, ಆ ಪುಡಿಯನ್ನು ಹೊಸ ಜೇಡಿಮಣ್ಣಿಗೆ ಸೇರಿಸಿ ನಾದದಿದ್ದರೆ ಮಡಕೆ ಬೆಂಕಿ ತಾಳುವುದಿಲ್ಲ. ಸೆಜ್ನಾನ್ ಸಂತೆಯಿಂದ ಮೇಲಕ್ಕೆ ಎರಡು ಗುಡ್ಡ ಹತ್ತಿದರೆ ಸಿಗುವ ಊರುಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹೆಣ್ಣುಮಗು ತೊಟ್ಟಿಲಲ್ಲಿರುವಾಗಲೇ ಅಮ್ಮನ ಗುಂಡುಕಲ್ಲಿನ ಸದ್ದು ಕೇಳಿಸಿಕೊಂಡಿರುತ್ತದೆ. ಒಡೆದ ಮಡಕೆಯನ್ನು ಎಸೆಯುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆಯ ಕಾಲದ ರೊಟ್ಟಿ ಹೆಂಚು ಒಡೆದರೆ ಅದು ಸೊಸೆ ಮಾಡಿದ ಅಗ್ಗಿಷ್ಟಿಕೆಯೊಳಗೆ ಹೋಗಿ ಸೇರಿಕೊಳ್ಳುತ್ತದೆ.

ಮನ್ನೂಬಿಯಾ ಹದಿನೇಳಕ್ಕೆ ಮದುವೆಯಾಗಿ ಪಕ್ಕದ ಕಣಿವೆಯಿಂದ ಈ ಊರಿಗೆ ಬಂದವಳು. ಬಂದ ಏಳನೆಯ ದಿನ ಅತ್ತೆ ಧಹಬಿಯಾ ಅವಳ ಮುಂದೆ ಒಂದು ಬುಟ್ಟಿ ಬೋಕಿ ಸುರಿದು, ಚಪ್ಪಟೆ ಕಲ್ಲು, ಗುಂಡುಕಲ್ಲು ಎರಡನ್ನೂ ಇಟ್ಟು ಒಳಗೆ ಹೋದಳು. ಅದು ಸೊಸೆಗೆ ಇಡುವ ಪರೀಕ್ಷೆ. ಬೀದಿಯ ಹೆಂಗಸರು ಬಂದು ಗೋಡೆಗೊರಗಿ ಸಾಲಾಗಿ ಕೂತರು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅತ್ತೆ ಬಂದು ಪುಡಿಯಲ್ಲಿ ಎರಡು ಬೆರಳು ಅದ್ದಿ, ಉಜ್ಜಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಸುರ್ಮಾ ಇದ್ದ ಹಾಗಿದೆ. ಕಣ್ಣಿಗೆ ಹಚ್ಕೋಬಹುದು."

"ಸುರ್ಮಾ, ಸುರ್ಮಾ, ದೇವರು ಹರಸಲಿ" ಎಂದು ಗೋಡೆಗೊರಗಿದ್ದವರೆಲ್ಲ ಹೇಳಿ, ಖರ್ಜೂರ ತಿಂದು ಎದ್ದುಹೋದರು.

ಇದು ನಮ್ಮ ಕಡೆಯ ಮರ್ಯಾದೆ. ಒಬ್ಬಳ ಅಂಗಳಕ್ಕೆ ಹೋದಾಗ ಅವಳು ಕುಟ್ಟಿದ ಪುಡಿ ಕಂಡು 'ಸುರ್ಮಾ' ಎನ್ನದೆ ಬಂದರೆ, ಬಾಣಂತಿಯ ಮನೆಗೆ ಹೋಗಿ ಮಗುವಿನ ಮುಖ ನೋಡದೆ ಬಂದ ಹಾಗೆ. 'ಅವಳ ಬೋಕಿ ಕಲ್ಲು ಕಲ್ಲು' ಎಂದರಂತೂ ಅವಳು ಮೈಗಳ್ಳಿ ಎಂದೇ ಅರ್ಥ. ಆ ಮಾತು ಹುಟ್ಟಿದ ಮನೆಯಿಂದ ಹೆಣ್ಣು ತರುವವರು ಎರಡು ಸಲ ಯೋಚಿಸುತ್ತಾರೆ.

ನಲವತ್ತೊಂದು ವರ್ಷ ಮನ್ನೂಬಿಯಾ ಆ ಕಲ್ಲಿನ ಮುಂದೆ ಕೂತಳು. ಅತ್ತೆ ಹೋದಳು, ಗಂಡ ಹೋದ. ಒಬ್ಬಳೇ ಮಗಳು ವಸೀಲಾ ಮದುವೆಯಾಗಿ, ಮೂರು ವರ್ಷಕ್ಕೆ ಗಂಡನೊಂದಿಗೆ ಹೊಂದದೆ ತವರಿಗೆ ಬಂದು, ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು. ಬೆಳಕು ಹರಿಯುವ ಮೊದಲೇ ವ್ಯಾನು ಹತ್ತಿ ಹೋದವಳು ಸಂಜೆಗೆ ಬರುತ್ತಿದ್ದಳು. ಇಷ್ಟೆಲ್ಲದರ ನಡುವೆ ಮನ್ನೂಬಿಯಾಳ ಅಗ್ಗಿಷ್ಟಿಕೆಗಳು ರಸ್ತೆ ಬದಿಯ ಮಾರಾಟದ ಚಪ್ಪರಗಳಲ್ಲಿ ಹೆಸರು ಮಾಡಿದ್ದವು. ಬಿಳಿಮಣ್ಣು ಬಳಿದು, ಕಪ್ಪೆಚಿಪ್ಪಿನಿಂದ ತಿಕ್ಕಿ ಹೊಳಪು ತಂದು, ಬಾಯಿಯ ಸುತ್ತ ಪೊದೆಯ ಎಲೆರಸದಿಂದ ಅವಳು ಎಳೆಯುವ ಕಪ್ಪು ಗೆರೆಗಳನ್ನು ನೋಡಿಯೇ ಜನ "ಇದು ಮೇಲೂರಿನವಳದು" ಎನ್ನುತ್ತಿದ್ದರು.

ಎರಡು ಚಳಿಗಾಲದ ಹಿಂದೆ ಬಲಗೈ ಊದಿಕೊಳ್ಳತೊಡಗಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳಿನ ಗಿಣ್ಣುಗಳು. ಆಲಿವ್ ಎಣ್ಣೆ ಬಿಸಿ ಮಾಡಿ ತಿಕ್ಕಿದ್ದಾಯಿತು, ಉಣ್ಣೆಯ ಪಟ್ಟಿ ಸುತ್ತಿದ್ದಾಯಿತು. ಕೊನೆಗೆ ವಸೀಲಾ ಒಂದು ದಿನದ ಕೂಲಿ ಬಿಟ್ಟು ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಚಿತ್ರ ತೆಗೆಸಿ ನೋಡಿ ಹೇಳಿದರು: "ಕಲ್ಲಲ್ಲಿ ಕುಟ್ಟೋದು ನಿಲ್ಲಿಸಿ. ಇಲ್ಲಾಂದ್ರೆ ಇನ್ನೆರಡು ವರ್ಷದಲ್ಲಿ ಈ ಕೈ ಮಡಚೋದಿಲ್ಲ."

"ಮಡಕೆ ತಟ್ಟಬಹುದಾ?"

"ತಟ್ಟಿ. ಕುಟ್ಟಬೇಡಿ."

"ಕುಟ್ಟದೆ ತಟ್ಟೋದು ಹೇಗೆ ಡಾಕ್ಟ್ರೇ? ಹಿಟ್ಟಿಲ್ಲದೆ ರೊಟ್ಟಿ ತಟ್ಟು ಅಂದ ಹಾಗಾಯ್ತು."

ಡಾಕ್ಟರು ನಕ್ಕು ಮಾತ್ರೆ ಬರೆದುಕೊಟ್ಟರು. ಮನ್ನೂಬಿಯಾ ನಗಲಿಲ್ಲ. ಬಸ್ಸಿನಲ್ಲಿ ಕೂತು, ದಾರಿಯುದ್ದಕ್ಕೂ ಮುಷ್ಟಿ ಕಟ್ಟುತ್ತಾ ಬಿಡುತ್ತಾ ಬಂದಳು.

ಕಸುಬಿನವರಿಗೆ ಸಲಕರಣೆ ಕೊಳ್ಳಲು ಸಹಾಯಧನ ಕೊಡುತ್ತಾರೆ ಎಂಬ ಸುದ್ದಿ ತಂದವಳೂ ವಸೀಲಾಳೇ. ಸಮುದ್ರದಾಚೆಯ ಯಾರದೋ ದುಡ್ಡು, ಬಿಜೆರ್ತಾ ಪಟ್ಟಣದ ಒಂದು ಸಂಸ್ಥೆಯ ಮೂಲಕ ಬರುತ್ತದೆ. ಸಾಲವಲ್ಲ, ತೀರಿಸಬೇಕಾಗಿಲ್ಲ. ಅರ್ಜಿ ಹಾಕಬೇಕು, ಅವರು ಬಂದು ನೋಡುತ್ತಾರೆ, ಬೇಕಾದ ಸಲಕರಣೆ ಅವರೇ ತಂದುಕೊಡುತ್ತಾರೆ. ಮನ್ನೂಬಿಯಾಳ ಜೊತೆಗೆ ಪಕ್ಕದ ಮನೆಯ ಖಮೀಸಾಳೂ ಅರ್ಜಿ ಹಾಕಿದಳು. ಖಮೀಸಾ ಇವಳಿಗಿಂತ ಏಳೆಂಟು ವರ್ಷ ದೊಡ್ಡವಳು. ಬಾಯಿ ಜೋರು, ಕೈಯೂ ಅಷ್ಟೇ ಧಾರಾಳ.

ಸಂಸ್ಥೆಯಿಂದ ಬಂದವಳು ಇಬ್ತಿಸಾಮ್ ಎಂಬ ಹುಡುಗಿ. ಪಟ್ಟಣದಲ್ಲೇ ಬೆಳೆದವಳು, ಕನ್ನಡಕದವಳು, ಆದರೆ ಬಿಂಕವಿಲ್ಲ. ಬಂದವಳೇ 'ಖಾಲ್ತಿ' ಎಂದು, ತಾಯಿಯ ತಂಗಿಯನ್ನು ಕರೆಯುವ ಹಾಗೆ ಕರೆದು, ಚಾಪೆಯ ಮೇಲೆ ಕೂತಳು. ಕಾರು ಬಂದ ಸದ್ದಿಗೆ ಬೀದಿಯ ಆರು ಹೆಂಗಸರು ಆಗಲೇ ಗೋಡೆಗೊರಗಿ ಜಾಗ ಹಿಡಿದಿದ್ದರು.

"ಖಾಲ್ತಿ, ಈಗ ನಿಮ್ಮ ಹತ್ರ ಇರೋ ಸಲಕರಣೆ ಎಲ್ಲ ತೋರಿಸ್ತೀರಾ?"

ಮನ್ನೂಬಿಯಾ ಒಂದು ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಎರಡು ಕಪ್ಪೆಚಿಪ್ಪು. ಹಳೆಯ ಬೂಟಿನಿಂದ ಕತ್ತರಿಸಿದ ಚರ್ಮದ ತುಂಡು. ಕಾಳು ಬಿಡಿಸಿದ ಒಂದು ಮುಸುಕಿನ ಜೋಳದ ದಿಂಡು. ಅತ್ತೆ ಕೊಟ್ಟ ನುಣುಪು ಕಲ್ಲು. ಮೇಕೆಯ ಕೂದಲು ಕಟ್ಟಿದ ಕಡ್ಡಿ. ಇಬ್ತಿಸಾಮ್ ಡಬ್ಬಿಯನ್ನೂ ತನ್ನ ಕಾಗದವನ್ನೂ ಮತ್ತೆ ಮತ್ತೆ ನೋಡಿದಳು.

"ಇದಕ್ಕೆಲ್ಲ ಬೆಲೆ ಎಷ್ಟು ಅಂತ ಬರೀಲಿ?"

"ಬೂಟಿಗೆ ಬರ್ಕೋಮ್ಮ" ಎಂದಳು ಖಮೀಸಾ ಗೋಡೆಯ ಕಡೆಯಿಂದ. "ಅವಳ ಗಂಡ ಅದನ್ನ ಕೊಂಡಿದ್ದು ಲಗ್ನಕ್ಕೆ."

ಹೆಂಗಸರು ನಕ್ಕರು, ಇಬ್ತಿಸಾಮ್ ಕೂಡ ನಕ್ಕಳು. ಆಮೇಲೆ ಕೆಲಸದಲ್ಲಿ ಯಾವುದು ಕಷ್ಟ ಎಂದು ಕೇಳಿದಳು. ಮನ್ನೂಬಿಯಾ ಕೈ ತೋರಿಸಿ, ಕಲ್ಲು ತೋರಿಸಿ ಹೇಳಿದಳು. ಹಾಗಾದರೆ ಕರೆಂಟಿನ ಬೀಸುವ ಗಿರಣಿಯೇ ಸರಿ ಎಂದು ಇಬ್ತಿಸಾಮ್ ಬರೆದುಕೊಂಡಳು. "ಧಾನ್ಯ ಬೀಸೋದರಲ್ಲೇ ಗಟ್ಟಿ ಜಾತಿ ಒಂದಿದೆ, ಬೋಕಿನೂ ತಡೆಯುತ್ತೆ. ಆದರೆ ಒಳಗೆ ಹಾಕೋ ಜಾಲರಿ ತಟ್ಟೆ ಬೇರೆ ಬೇರೆ ಇರುತ್ತೆ. ಪುಡಿ ನಿಮಗೆ ಎಷ್ಟು ನುಣುಪು ಬೇಕು ಖಾಲ್ತಿ?"

ಗೋಡೆಗೊರಗಿದ್ದ ಆರು ಜನರೂ ಇತ್ತ ಕತ್ತು ಚಾಚಿದರು. ಮನ್ನೂಬಿಯಾ ಯೋಚಿಸಲೇ ಇಲ್ಲ. ಯಾರಾದರೂ ಸಲಾಂ ಹೇಳಿದರೆ ಸಲಾಂ ಬಾಯಿಗೆ ಬಂದ ಹಾಗೆ ಮಾತು ಬಂತು.

"ಸುರ್ಮಾ ಇದ್ದ ಹಾಗೆ."

"ಅದಕ್ಕಿಂತ ಒಂದು ಕೈ ಮೇಲೆ" ಎಂದಳು ಖಮೀಸಾ. "ಈ ಬೀದಿಯಲ್ಲಿ ಕಣ್ಣು ಮುಚ್ಕೊಂಡು ಯಾರ ಪುಡಿ ಬೇಕಾದ್ರೂ ಮುಟ್ಟಿ ನೋಡು."

ಇಬ್ತಿಸಾಮ್ 'ಅತಿ ನುಣುಪು' ಎಂದು ಬರೆದು ಅಡಿಗೆರೆ ಎಳೆದಳು.

ಏಪ್ರಿಲಿನಲ್ಲಿ ಗಿರಣಿ ಬಂತು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅದನ್ನು ನಿಲ್ಲಿಸಿ, ಎರಡು ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡರು. ಆರು ತಿಂಗಳು ಬಿಟ್ಟು ಬಂದು ನೋಡುತ್ತೇವೆ, ಬಳಕೆಯಲ್ಲಿ ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಕೊಡುತ್ತೇವೆ ಎಂದು ಅವುಗಳಲ್ಲಿ ಇದ್ದದ್ದನ್ನು ವಸೀಲಾ ಓದಿ ಹೇಳಿದಳು. ಮುಂದಿನ ಹೆಸರು ಖಮೀಸಾಳದು.

"ಬಳಸದೆ ಏನು, ಅಲಂಕಾರಕ್ಕೆ ಇಟ್ಕೋತಾರಾ?" ಎಂದು ಖಮೀಸಾ ಗಿರಣಿಯ ಬೆನ್ನು ತಟ್ಟಿದಳು. "ನನಗೆ ಇದು ಸಿಗೋದಿಲ್ಲ ಬಿಡು."

ಎರಡು ದಿನದ ಕುಟ್ಟುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಕೋಳಿಗಳು ಸದ್ದಿಗೆ ಬೆದರಿ ಬೇಲಿ ಹಾರಿದವು. ಚೀಲಕ್ಕೆ ಬಿದ್ದ ಪುಡಿ ನಿಜಕ್ಕೂ ಸುರ್ಮಾದಂತಿತ್ತು. ಊದಿದರೆ ಹಾರುತ್ತಿತ್ತು. ಹೆಂಗಸರೆಲ್ಲ ಬಂದು ಬೆರಳಲ್ಲಿ ಉಜ್ಜಿ, ಮೂಗಿಗೆ ಹತ್ತಿಸಿಕೊಂಡು ಸೀನಿ, ದೇವರು ಹರಸಲಿ ಎಂದರು. ಆ ಪುಡಿ ಹಾಕಿ ನಾದಿದ ಮಣ್ಣು ಕೈಗೆ ಬೆಣ್ಣೆಯಂತೆ ಬರುತ್ತಿತ್ತು. ಮನ್ನೂಬಿಯಾ ಹನ್ನೆರಡು ಅಗ್ಗಿಷ್ಟಿಕೆ, ಎಂಟು ಹೆಂಚು ತಟ್ಟಿ ನೆರಳಲ್ಲಿ ಒಣಗಿಸಿದಳು. ಗಾಳಿಯಿಲ್ಲದ ಒಂದು ಬೆಳಿಗ್ಗೆ ಅವನ್ನು ಅಂಗಳದಾಚೆಯ ಕುಣಿಯಲ್ಲಿ ಪೇರಿಸಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಇಟ್ಟಳು.

ಬೆಂಕಿ ಮೇಲೇರಿ ಒಂದು ಗಳಿಗೆಯಾಗಿರಬೇಕು. ಒಳಗೆ ಟಪ್ ಎಂದಿತು. ಒಂದೆರಡು ಹೋಗುವುದು ಇದ್ದದ್ದೇ. ಮತ್ತೆ ಟಪ್. ಆಮೇಲೆ ಹಸಿ ಕಟ್ಟಿಗೆ ಸಿಡಿಯುವ ಹಾಗೆ ಒಂದರ ಹಿಂದೆ ಒಂದು. ಮನ್ನೂಬಿಯಾ ಎದ್ದು ನಿಂತಳು. ಮಾಡುವುದೇನೂ ಇರಲಿಲ್ಲ. ಬೂದಿ ಆರಿದ ಮೇಲೆ ತೆಗೆದರೆ ಇಪ್ಪತ್ತರಲ್ಲಿ ಉಳಿದದ್ದು ಮೂರು.

"ಕಣ್ಣು ಬಿದ್ದಿದೆ" ಎಂದಳು ಖಮೀಸಾ. "ಅಷ್ಟು ಜನ ಬಂದು ಗಿರಣಿ ನೋಡಿದ್ರಲ್ಲ. ಕಲ್ಲೇ ಸೀಳಿಹೋಗುತ್ತೆ, ಮಡಕೆ ಯಾವ ಲೆಕ್ಕ." ಅವಳೇ ಮನೆಯಿಂದ ಉಪ್ಪು ತಂದು ಗಿರಣಿಯ ಸುತ್ತ ಏಳು ಸಲ ನಿವಾಳಿಸಿ ಬೆಂಕಿಗೆ ಹಾಕಿದಳು.

ಎರಡನೆಯ ಸಲ ಸುಟ್ಟ ಆವಿಗೆಯೂ ಒಡೆದುಹೋಯಿತು. ಬೆರಣಿ ಹಸಿಯಾಗಿತ್ತು ಎಂದರು. ಮೂರನೆಯದಕ್ಕೆ ಬೇರೆ ಹಳ್ಳದಿಂದ ಮಣ್ಣು ತಂದದ್ದಾಯಿತು, ತಿಂಗಳು ಪೂರ್ತಿ ಒಣಗಿಸಿದ್ದಾಯಿತು. ಅದೂ ಹೋಯಿತು. ರಸ್ತೆ ಬದಿಯ ಅಂಗಡಿಯವನು ಎರಡು ಸಲ ಹೇಳಿ ಕಳಿಸಿ, ಮೂರನೆಯ ಸಲ ಹೇಳಿ ಕಳಿಸಲಿಲ್ಲ.

ಜುಲೈ ಕೊನೆಗೆ ಮನ್ನೂಬಿಯಾ ಗಿರಣಿಯ ಮೇಲೆ ಹಳೆಯ ಕಂಬಳಿ ಹೊದಿಸಿದಳು. ಕುಟ್ಟುಗಲ್ಲನ್ನು ಮನೆಯ ಹಿಂದಕ್ಕೆ ಹೊತ್ತುಕೊಂಡು ಹೋಗಿ, ಸದ್ದು ಕೇಳಿಸದಿರಲೆಂದು ಅದರ ಕೆಳಗೆ ಮಡಚಿದ ಗೋಣಿಚೀಲ ಹಾಸಿ, ಕದ್ದು ಕುಟ್ಟತೊಡಗಿದಳು. ಎಡಗೈಯಲ್ಲಿ ಸ್ವಲ್ಪ, ಬಲಗೈಯಲ್ಲಿ ಸ್ವಲ್ಪ. ಆ ಪುಡಿಯ ಮಡಕೆಗಳು ಎಂದಿನಂತೆ ಗಟ್ಟಿಯಾಗಿ ಬೆಂದವು. ಕೈ ಮಾತ್ರ ಬಾತುಕೊಂಡಿತು. ನಡುಬೆರಳು ಮಡಚುವುದನ್ನು ಬಿಟ್ಟಿತು. ವಸೀಲಾ ನೋಡಿ ಜಗಳವಾಡಿದಳು.

"ಯಂತ್ರ ಹಾಳಾಗಿದ್ರೆ ಹೇಳೋಣ ಅಮ್ಮಾ. ಫೋನ್ ಮಾಡ್ತೀನಿ."

"ಹಾಳಾಗಿಲ್ಲ. ಚೆನ್ನಾಗೇ ಬೀಸುತ್ತೆ."

"ಮತ್ತೆ ಇನ್ನೇನು?"

"ಗೊತ್ತಾಗ್ತಿಲ್ಲ ಕಣೇ. ಗೊತ್ತಿಲ್ಲದೆ ಏನಂತ ಹೇಳೋದು? ನಿಮ್ಮ ಉಪಕಾರ ನನ್ನ ಮಡಕೆ ಒಡೀತು ಅಂತ ಹೇಳ್ಲಾ?"

ಗೊತ್ತಾದದ್ದು ಸೆಪ್ಟೆಂಬರಿನ ಕೊನೆಗೆ, ಅಡುಗೆಮನೆಯಲ್ಲಿ. ವರ್ಷದ ಕುಸ್‌ಕುಸ್ ಮಾಡಿಟ್ಟುಕೊಳ್ಳುವ ಕಾಲ. ಅಗಲ ಬೋಗುಣಿಯ ಮುಂದೆ ಕಾಲು ಚಾಚಿ ಕೂತು ಮನ್ನೂಬಿಯಾ ದಪ್ಪ ರವೆಗೆ ನೀರು ಚಿಮುಕಿಸಿ, ಮೇಲೆ ಹಿಟ್ಟು ಉದುರಿಸಿ, ಅಂಗೈಯಲ್ಲಿ ಹೊರಳಿಸುತ್ತಿದ್ದಳು. ಬಲಗೈ ಸೋತಾಗ ಕೆಲಸವನ್ನು ವಸೀಲಾಳಿಗೆ ಬಿಟ್ಟಳು. ಕಾರ್ಖಾನೆಯ ಕೈ, ಅಳತೆ ಮರೆತಿತ್ತು. ಹಿಟ್ಟು ಜಾಸ್ತಿ ಬಿದ್ದು ಎಲ್ಲ ಒಂದೇ ಮುದ್ದೆಯಾಯಿತು.

"ರವೆ ಬೇಕು ಕಣೇ ಒಳಗೆ. ಬರೀ ಹಿಟ್ಟಾದ್ರೆ ಗೋಂದು. ಕಾಳಿಗೆ ಕಾಳು ತಗಲಬೇಕು, ಮಧ್ಯೆ ಉಸಿರು ಆಡಬೇಕು" ಎಂದು ಮನ್ನೂಬಿಯಾ ಮುದ್ದೆಯನ್ನು ಬೆರಳಲ್ಲಿ ಬಿಡಿಸುತ್ತಾ ಹೇಳಿದಳು. ಹೇಳುತ್ತಿದ್ದ ಹಾಗೇ ಅವಳ ಬೆರಳುಗಳು ನಿಂತವು.

ಎದ್ದು ಹಿತ್ತಲಿಗೆ ಹೋಗಿ ಗೋಣಿಚೀಲದ ಮೇಲಿದ್ದ ತನ್ನ ಪುಡಿಯನ್ನು ಮುಟ್ಟಿದಳು. ಅದು ಬೆರಳಿಗೆ ಕಚ್ಚಿತು. ಕಂಬಳಿ ಸರಿಸಿ ಗಿರಣಿಯ ಪುಡಿ ಮುಟ್ಟಿದಳು. ಕಚ್ಚಲಿಲ್ಲ. ಒಂದು ರವೆ, ಇನ್ನೊಂದು ಹಿಟ್ಟು. ನಲವತ್ತೊಂದು ವರ್ಷ ಅವಳ ಕೈ ಯಾವತ್ತೂ ಸುರ್ಮಾ ಕುಟ್ಟಿರಲೇ ಇಲ್ಲ. ಸಾಕು ಎಂದು ಕೈಗೆ ಅನಿಸಿದ ಕಡೆ ಅದು ನಿಲ್ಲುತ್ತಿತ್ತು. ಬಾಯಿ ಬೇರೆ ಮಾತಾಡುತ್ತಿತ್ತು. ಎರಡಕ್ಕೂ ಭೇಟಿಯೇ ಆಗಿರಲಿಲ್ಲ.

ವಸೀಲಾಳಿಗೆ ಹೇಳಿದಾಗ ಅವಳು ಹಣೆಗೆ ಕೈ ಹಚ್ಚಿ ಕೂತಳು. "ಮತ್ತೆ ಅವತ್ತು ಆ ಹುಡುಗಿ ಕೇಳ್ದಾಗ ಯಾಕೆ ಸುರ್ಮಾ ಅಂದೆ?"

"ಆರು ಜನ ಕೂತಿದ್ರಲ್ಲೇ. ಇನ್ನೇನು ಅನ್ನಲಿ?"

ಅದೇ ವಾರ ಫೋನ್ ಬಂತು. ಬರುವ ಗುರುವಾರ ಇಬ್ತಿಸಾಮ್ ನೋಡಲು ಬರುತ್ತಾಳೆ. ಖಮೀಸಾಳ ಕಿವಿಗೆ ಮಾತು ಹೇಗೋ ತಲುಪಿತು. ಬುಧವಾರ ಸಂಜೆ ಅವಳು ಪುದೀನ ಚಹಾದ ಕೆಟಲು ಸಮೇತ ಬಂದಳು. ಕಂಬಳಿ ಹೊದ್ದು ನಿಂತ ಗಿರಣಿಯನ್ನು ನೋಡಿ ತಲೆ ಆಡಿಸಿದಳು.

"ನೀನು ಹಿಂದೆ ಕೂತು ಕುಟ್ಟೋದು ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೀಯಾ? ಚೀಲದ ಮೇಲೆ ಕುಟ್ಟಿದ್ರೂ ನೆಲ ಹೇಳುತ್ತೆ ಕಣೇ."

"ಗೊತ್ತಿದ್ದೂ ಕೇಳಲಿಲ್ಲ ನೀನು."

"ಕೇಳಿ ಏನು ಮಾಡ್ಲಿ. ಈಗ ನೋಡು, ನಾಳೆ ಅವಳು ಬಂದಾಗ ಒಂದು ಬುಟ್ಟಿ ಬೋಕಿ ಹಾಕು, ತಿರುಗಿಸು, ಹಿಟ್ಟು ತೋರಿಸು. ಒಳ್ಳೇ ಮಡಕೆ ನಾಲ್ಕು ಪಕ್ಕದಲ್ಲಿ ಜೋಡಿಸು. ಅವಳು ಬರ್ಕೊಂಡು ಹೋಗ್ತಾಳೆ. ಗಿರಣಿ ನಿಂದಾಗುತ್ತೆ. ಆಮೇಲೆ ಅದರಲ್ಲಿ ಕಾಫಿ ಬೀಸ್ಕೊ, ಮೆಣಸಿನಕಾಯಿ ಬೀಸ್ಕೊ."

"ಅವರು ಕಿತ್ಕೊಂಡ್ರೆ ಅದು ನಿನಗೆ ಬರುತ್ತಲ್ಲಕ್ಕಾ."

ಖಮೀಸಾ ಲೋಟಕ್ಕೆ ಚಹಾ ಎತ್ತರದಿಂದ ಸುರಿಯುತ್ತಾ ಇದ್ದವಳು ನಿಲ್ಲಿಸಲಿಲ್ಲ. "ಬಂದ್ರೆ ಬೇಡ ಅನ್ನಲ್ಲ. ಆದ್ರೆ ನಿನ್ನ ಅಂಗಳದಿಂದ ಹೊತ್ಕೊಂಡು ನನ್ನ ಅಂಗಳಕ್ಕೆ ತಂದಿಟ್ರೆ, ಬೆಳಿಗ್ಗೆ ಎದ್ದು ನಿನ್ನ ಮುಖ ಹೇಗೆ ನೋಡ್ಲಿ? ಕುಡಿ, ಆರುತ್ತೆ."

ಗುರುವಾರ ವಸೀಲಾ ರಜೆ ಹಾಕಿದಳು. ಇಬ್ತಿಸಾಮ್ ಬಂದಳು, ಆರು ಹೆಂಗಸರೂ ಬಂದರು. ಖಮೀಸಾ ಹೇಳಿಕೊಟ್ಟ ಹಾಗೆ ವಸೀಲಾ ತಾನೇ ಬೋಕಿ ಸುರಿದು ಗಿರಣಿ ತಿರುಗಿಸಿದಳು. ಇಬ್ತಿಸಾಮ್ ಕಿವಿ ಮುಚ್ಚಿಕೊಂಡು ಫೋಟೋ ತೆಗೆದಳು. ಕಾಗದದಲ್ಲಿ ಎರಡು ಚೌಕ ಇದ್ದವು. ಬಳಕೆಯಲ್ಲಿದೆ, ಬಳಕೆಯಲ್ಲಿಲ್ಲ. ಅವಳ ಪೆನ್ನು ಮೊದಲ ಚೌಕದ ಮೇಲೆ ಹೋಗುವಾಗ ಮನ್ನೂಬಿಯಾ ಕೈಚಾಚಿ ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು.

"ಅದಲ್ಲಮ್ಮ. ಎರಡನೇದು."

ಸದ್ದು ಅಡಗಿದ ಮೇಲೆ ಎಲ್ಲರಿಗೂ ಮಾತು ಸ್ಪಷ್ಟವಾಗಿ ಕೇಳಿತು. ಅವಳು ಹುಡುಗಿಯ ಎಡ ಅಂಗೈಗೆ ಗಿರಣಿಯ ಪುಡಿ ಹಾಕಿದಳು, ಬಲ ಅಂಗೈಗೆ ತಾನು ಕುಟ್ಟಿದ ಪುಡಿ ಹಾಕಿದಳು. "ಉಜ್ಜಿ ನೋಡು. ಇದು ನುಣ್ಣಗಿದೆ, ಮಡಕೆ ಒಡಿಯುತ್ತೆ. ಇದು ಕಚ್ಚುತ್ತೆ, ಮಡಕೆ ನಿಲ್ಲುತ್ತೆ. ಅವತ್ತು ನೀನು ಕೇಳ್ದಾಗ ನಾನು ಸುರ್ಮಾ ಅಂದೆ. ಅದು ಮರ್ಯಾದೆ ಮಾತು. ನಿಜವಾಗಿ ನಾವು ಯಾರೂ ಸುರ್ಮಾ ಕುಟ್ಟಲ್ಲ. ನನ್ನ ಬೋಕಿ ಕಲ್ಲು ಕಲ್ಲಾಗೇ ಇರೋದು."

ಗೋಡೆಗೊರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಖಮೀಸಾ ಎದ್ದಳು.

"ನಿನ್ನದು ಕಲ್ಲಾದ್ರೆ ನಿನ್ನದು ಅನ್ನು. 'ನಾವು' ಅನ್ನಬೇಡ. ನನ್ನಮ್ಮ ಕುಟ್ಟಿದ್ದನ್ನ ಕಣ್ಣಿಗೆ ಹಚ್ತಿದ್ರು."

"ಹಚ್ಚಿದ್ದು ನೋಡಿದ್ದೀಯಾ ಅಕ್ಕ?"

"ಹೊರಗಿನವರ ಮುಂದೆ ಊರಿನ ಸೆರಗು ಎಳೀತಿದ್ದೀಯಲ್ಲೇ. ನಾಳೆ ನಮ್ಮ ಹುಡುಗಿಯರನ್ನ ಯಾರು ತಗೊಂಡು ಹೋಗ್ತಾರೆ?"

"ಕೈ ಹೋದ ಮೇಲೆ ಯಾರು ಏನು ಅಂದ್ರೆ ನನಗೇನು. ಮುಂದೆ ನಿನ್ನ ಹೆಸರಿದೆ ಅಕ್ಕ. ನಿನಗೂ ಇಂಥದ್ದೇ ಸುರ್ಮಾ ಗಿರಣಿ ಬರುತ್ತೆ. ನಿನ್ನ ಮಡಕೆಗಳೂ ಟಪ್ ಅನ್ನುತ್ತವೆ. ಅವತ್ತು ನಾನು ಬಾಯಿ ಮುಚ್ಕೊಂಡಿದ್ದೆ ಅಂತ ಗೊತ್ತಾದ್ರೆ ನೀನು ಸುಮ್ಮನಿರ್ತೀಯಾ?"

ಖಮೀಸಾ ತಲೆವಸ್ತ್ರ ಎಳೆದುಕೊಂಡು ಹೊರಟುಹೋದಳು. ಮುನಿಸಿಕೊಂಡು ಹೋದಳು ಎಂದುಕೊಂಡರು. ಚಹಾಕ್ಕೆ ನೀರು ಕುದಿಯುವಷ್ಟರಲ್ಲಿ ಅವಳು ತಲೆವಸ್ತ್ರದ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಬಂದು, ಇಬ್ತಿಸಾಮಳ ಮುಂದೆ ಬಿಚ್ಚಿದಳು. ಅದು ಅವಳು ಕುಟ್ಟಿದ ಪುಡಿ. ಮನ್ನೂಬಿಯಾಳದಕ್ಕಿಂತ ದಪ್ಪ. ಒಂದೆರಡು ಚೂರಂತೂ ಗೋಧಿಕಾಳಿನಷ್ಟಿದ್ದವು.

"ಇದನ್ನೂ ನೋಡ್ಕೋ" ಎಂದು ಅವಳು ಬೇರೆ ಕಡೆ ಮುಖ ತಿರುಗಿಸಿದಳು. "ನಂದು ಹೆಂಚಿನ ಕೆಲಸ ಜಾಸ್ತಿ. ಹೆಂಚಿಗೆ ದಪ್ಪ ಬೇಕು."

ಗೋಡೆಯ ಕಡೆಯಿಂದ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಖಮೀಸಾ ತಾನು ನಗದೆ ಬಹಳ ಹೊತ್ತು ತಡೆದುಕೊಂಡಳು.

ಇಬ್ತಿಸಾಮ್ ಮಾತ್ರ ಪೆನ್ನು ಹಿಡಿದುಕೊಂಡು ಕೂತೇ ಇದ್ದಳು. ಎರಡನೆಯ ಚೌಕಕ್ಕೆ ಗುರುತು ಹಾಕಿದರೆ ಗಿರಣಿ ಹೋಗುತ್ತದೆ. ಹಾಕದಿದ್ದರೆ ಸುಳ್ಳಾಗುತ್ತದೆ. "ಒಂದು ದಾರಿ ಇದೆ ಖಾಲ್ತಿ" ಎಂದಳು ಕೊನೆಗೆ. "ಗಿರಣಿ ಅಂಗಡಿಯವನು ತಪ್ಪು ತಟ್ಟೆ ಕಳಿಸಿದ ಅಂತ ದೂರು ಬರೆದರೆ, ಅದಕ್ಕೆ ಬೇರೆ ಕಾಗದ ಇದೆ. ಅವನೇ ಬದಲಾಯಿಸಿ ಕೊಡಬೇಕಾಗುತ್ತೆ. ನೀವು ಹೆಬ್ಬೆಟ್ಟು ಹಾಕಿದ್ರೆ ಸಾಕು."

"ಅವನು ತಪ್ಪು ಕಳಿಸಿದ್ನಾ?"

"ಇಲ್ಲ. ನಾವು ಕೇಳಿದ್ದನ್ನೇ ಕಳಿಸಿದ್ದು."

"ಹಾಗಾದ್ರೆ ಅವನ ಮೇಲೆ ಯಾಕೆ ಹಾಕೋದು. ಮಾತು ನಂದು. ತಟ್ಟೆ ನಾನೇ ಕೊಂಡ್ಕೋತೀನಿ. ನೀನು ಎರಡನೇದಕ್ಕೇ ಗುರುತು ಹಾಕು. ನಿಮ್ಮ ದೊಡ್ಡವರು ಅದನ್ನ ಯಾವಾಗ ನೋಡ್ತಾರೆ?"

ಸಮಿತಿ ಸೇರುವುದಕ್ಕೆ ನಲವತ್ತು ದಿನ ಇತ್ತು. ಅಷ್ಟರೊಳಗೆ ಗಿರಣಿಯ ಪುಡಿಯಿಂದ ಒಂದು ಆವಿಗೆ ಚೆನ್ನಾಗಿ ಬಂದರೆ ತಾನು ಇನ್ನೊಮ್ಮೆ ಬಂದು ಬರೆದುಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚು ತನ್ನ ಕೈಯಲ್ಲಿಲ್ಲ ಎಂದು ಹೇಳಿ ಇಬ್ತಿಸಾಮ್ ಗುರುತು ಹಾಕಿದಳು.

ಮರುದಿನವೇ ಮನ್ನೂಬಿಯಾ ತನ್ನ ಪುಡಿಯನ್ನು ಒಂದು ಚೀಲದಲ್ಲಿ ತುಂಬಿಕೊಂಡು ಬಿಜೆರ್ತಾದ ಬಸ್ಸು ಹತ್ತಿದಳು. ಗಿರಣಿ ಮಾರುವ ಅಂಗಡಿಯಲ್ಲಿ ಗೋಡೆಯ ಮೇಲೆ ಜಾಲರಿ ತಟ್ಟೆಗಳನ್ನು ನೇತುಹಾಕಿದ್ದರು. ಬಾರ್ಲಿಗೆ ಒಂದು, ಕಡಲೆಗೆ ಒಂದು, ಹೀಗೆ. ಅಂಗಡಿಯವನು ಏನು ಬೀಸುತ್ತೀರಿ ಎಂದು ಕೇಳಿದ. ಅವಳು ಹೇಳದೆ, ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಸಿ, ಒಂದೊಂದೇ ತಟ್ಟೆಯ ಮೇಲೆ ತನ್ನ ಪುಡಿ ಸುರಿದು ಅಲ್ಲಾಡಿಸಿ ನೋಡಿದಳು. ಮೊದಲನೆಯದರಲ್ಲಿ ಅರ್ಧ ಮೇಲೆ ನಿಂತಿತು. ಎರಡನೆಯದರಲ್ಲೂ ನಿಂತಿತು. ನಾಲ್ಕನೆಯದರಲ್ಲಿ ಎಲ್ಲ ಇಳಿದು, ಐದಾರು ಚೂರು ಮಾತ್ರ ಮೇಲೆ ಉಳಿಯಿತು.

"ಇದು ಕೊಡಪ್ಪ."

"ಲಲ್ಲಾ, ಇದು ದನದ ಮೇವಿಗೆ ಹಾಕೋ ತಟ್ಟೆ" ಎಂದ ಅವನು, ಹಿರಿಯ ಹೆಂಗಸನ್ನು ಕರೆಯುವ ಮರ್ಯಾದೆಯಲ್ಲಿ.

"ಹಸುಗಳಿಗೆ ಬುದ್ಧಿ ಇದೆ" ಎಂದು ಅವಳು ಸೊಂಟದ ಗಂಟು ಬಿಚ್ಚಿದಳು. ಎರಡು ಅಗ್ಗಿಷ್ಟಿಕೆ ಮಾರಿದಷ್ಟು ದುಡ್ಡು ಹೋಯಿತು.

ಹೊಸ ತಟ್ಟೆಯ ಪುಡಿ ಬೆರಳಿಗೆ ಕಚ್ಚಿತು. ಮನ್ನೂಬಿಯಾ ಎಡಗೈ ಮುಂದು ಮಾಡಿ ಇಪ್ಪತ್ತೆರಡು ಮಡಕೆ ತಟ್ಟಿದಳು. ಅಷ್ಟರಲ್ಲಿ ಮಳೆ ಹಿಡಿಯಿತು. ಗುಡ್ಡದ ಮೇಲೆ ಮೋಡ ಕೂತರೆ ವಾರಗಟ್ಟಲೆ ಏಳುವುದಿಲ್ಲ. ಮಡಕೆಗಳನ್ನು ಮನೆಯೊಳಗೆ ತಂದು ಮಂಚದ ಸುತ್ತ ಇಟ್ಟು, ತಾಯಿ ಮಗಳಿಬ್ಬರೂ ಅಡುಗೆಮನೆಯಲ್ಲಿ ಮಲಗಿದರು. ದಿನಗಳು ಜಾರಿ ಮೂವತ್ತೇಳನೆಯ ದಿನ ಬಿಸಿಲು ಬಂತು. ಇನ್ನೊಂದು ಆವಿಗೆಗೆ ಸಮಯ ಇರಲಿಲ್ಲ. ಇದು ಹೋದರೆ ಗಿರಣಿ ಹೋಯಿತು, ಗಿರಣಿ ಹೋದರೆ ಮತ್ತೆ ಕಲ್ಲು. ಆ ಕೈಗೆ ಕಲ್ಲು ಇನ್ನು ಎಷ್ಟು ದಿನ ಎಂಬುದನ್ನು ಡಾಕ್ಟರು ಹೇಳಿಬಿಟ್ಟಿದ್ದರು.

ವಸೀಲಾ ಫೋನ್ ಮಾಡಿದ್ದರಿಂದ ಇಬ್ತಿಸಾಮ್ ಮರುದಿನ ಬೆಳಿಗ್ಗೆಯೇ ಬಂದಳು. ಖಮೀಸಾ ತನ್ನ ಮನೆಯ ಒಣ ಬೆರಣಿ ಎರಡು ಬುಟ್ಟಿ ತಂದು ಕೇಳದೆಯೇ ಒಟ್ಟಿದಳು. ಬೆಂಕಿ ಇಟ್ಟರು. ಮನ್ನೂಬಿಯಾ ಹತ್ತಿರದ ಕಲ್ಲಿನ ಮೇಲೆ ಕೂತು, ಬೆಂಕಿಗೆ ಬೆನ್ನು ಹಾಕಿ ಕಿವಿ ಕೊಟ್ಟಳು. ನೋಡುವುದಕ್ಕಿಂತ ಕೇಳುವುದರಲ್ಲೇ ಅವಳಿಗೆ ನಂಬಿಕೆ.

ಟಪ್.

ಇಬ್ತಿಸಾಮ್ ವಸೀಲಾಳ ತೋಳು ಹಿಡಿದಳು.

"ಒಂದು" ಎಂದಳು ಮನ್ನೂಬಿಯಾ.

ಬಹಳ ಹೊತ್ತಿನ ಮೇಲೆ ಇನ್ನೊಂದು. ಅದು ಬೇರೆ ಸದ್ದು, ಒಡೆದದ್ದಲ್ಲ, ಬಿರಿದದ್ದು. ಆಮೇಲೆ ಬೆರಣಿ ಕುಸಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹೊಗೆ ತೆಳುವಾಗಿ, ಒಳಗೆ ಕೆಂಪು ಏರಿ, ಮಧ್ಯಾಹ್ನದ ಹೊತ್ತಿಗೆ ಬೂದಿಯಾಯಿತು. ಖಮೀಸಾ ಕೋಲಿನಿಂದ ಬೂದಿ ಕೆದಕಿ ಮಡಕೆಗಳನ್ನು ಒಂದೊಂದಾಗಿ ಉರುಳಿಸಿ ತೆಗೆದಳು. ಇಪ್ಪತ್ತೆರಡರಲ್ಲಿ ಇಪ್ಪತ್ತು ಗಟ್ಟಿಯಾಗಿದ್ದವು. ಮನ್ನೂಬಿಯಾ ಪ್ರತಿಯೊಂದನ್ನೂ ಎಡಗೈಯ ಗಿಣ್ಣಿನಿಂದ ತಟ್ಟಿ, ಗಂಟೆಯಂಥ ಸದ್ದು ಬಂದ ಮೇಲೆಯೇ ಪಕ್ಕಕ್ಕಿಟ್ಟಳು. ಇಪ್ಪತ್ತನೆಯದನ್ನು ಇಟ್ಟ ಮೇಲೆ ಹೋದ ಎರಡನ್ನು ಬೋಕಿ ಬುಟ್ಟಿಗೆ ಹಾಕಿದಳು. ಅಷ್ಟೇ.

ಗಿರಣಿ ಅಲ್ಲೇ ಉಳಿಯಿತು. ಈಗ ಸೋಮವಾರ ಸೋಮವಾರ ಬೀದಿಯ ಹೆಂಗಸರು ಬೋಕಿ ಬುಟ್ಟಿ ಹೊತ್ತು ಬರುತ್ತಾರೆ, ಕರೆಂಟಿನ ಬಾಬ್ತು ಒಂದಿಷ್ಟು ಮೊಟ್ಟೆಯೋ ಬೆಣ್ಣೆಯೋ ಇಟ್ಟು ಹೋಗುತ್ತಾರೆ. ಡಾಕ್ಟರು ಹೇಳಿದ್ದು ಅರ್ಧ ನಿಜವಾಯಿತು. ಮನ್ನೂಬಿಯಾಳ ನಡುಬೆರಳು ಮತ್ತೆ ಮಡಚಲೇ ಇಲ್ಲ. ಕಪ್ಪೆಚಿಪ್ಪನ್ನು ಹೆಬ್ಬೆರಳು, ಕಿರುಬೆರಳುಗಳ ನಡುವೆ ಹಿಡಿದು ತಿಕ್ಕುವುದನ್ನು ಅವಳು ಹೊಸದಾಗಿ ಕಲಿತಳು. ಎಲೆರಸದ ಗೆರೆಗಳು ಸ್ವಲ್ಪ ಓರೆಯಾಗುತ್ತವೆ. ರಸ್ತೆ ಬದಿಯ ಅಂಗಡಿಯವನು ಅದನ್ನು ಹೊಸ ಮಾದರಿ ಎಂದುಕೊಂಡಿದ್ದಾನೆ, ಅವಳು ತಿದ್ದಲು ಹೋಗಿಲ್ಲ.

ವರ್ಷದ ಕೊನೆಗೆ ಸಂಸ್ಥೆಯ ಇನ್ನೊಂದು ಕಾಗದ ಬಂತು. ವಸೀಲಾ ಓದುತ್ತಾ ಹೋದಳು, ಅಮ್ಮ ಹೇಳುತ್ತಾ ಹೋದಳು, ಖಮೀಸಾ ಪಕ್ಕದಲ್ಲಿ ಕೂತು ಬಾದಾಮಿ ಒಡೆಯುತ್ತಿದ್ದಳು. ಕೊನೆಯ ಪ್ರಶ್ನೆ: ಮುಂದೆ ಸಹಾಯ ಕೊಡುವಾಗ ನಮ್ಮ ಕೆಲಸದಲ್ಲಿ ಏನು ಬದಲಾಗಬೇಕು?

ಮನ್ನೂಬಿಯಾ ಚಹಾ ಆರುವವರೆಗೂ ಯೋಚಿಸಿದಳು.

"ಒಬ್ಬೊಬ್ಬರನ್ನೇ ಕೇಳಿ ಅಂತ ಬರಿ. ಉಳಿದವರೆಲ್ಲ ಅವರವರ ಮನೆಗೆ ಹೋದ ಮೇಲೆ."

ವಸೀಲಾ ಬರೆದಳು.

"ಕೆಳಗೆ ನಂದೂ ಒಂದು ಸೇರಿಸು" ಎಂದಳು ಖಮೀಸಾ. "ಖಮೀಸಾನ ಮಾತ್ರ ಎಲ್ಲರ ಮುಂದೇನೇ ಕೇಳಿ ಅಂತ. ಒಬ್ಬಳೇ ಕೂತ್ಕೊಂಡು ನಿಜ ಹೇಳೋದಕ್ಕೆ ನನಗೆ ಬೇಜಾರು."